ಹಾಲಿನ ಮುಯ್ಯಿ

ಮಧುವನಹಳ್ಳಿ
೧೨-೮-೧೯೬೪

ಚಿ. ಸೌ. ಮಾದೇವಮ್ಮನಿಗೆ ನಿನ್ನ ತಾಯಿ ಗುರುಸಿದ್ದಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ರೇಷ್ಮೆಹುಳ ಹಣ್ಣಾಗಿ ಗೂಡಿಗೆ ಬರುವ ವಾರ ಈ ಮನೆಯಲ್ಲಿ ಯಾರಿಗೂ ಊಟದ ನೆನಪೇ ಇರುವುದಿಲ್ಲ ಎಂಬುದು ನಿನಗೆ ಗೊತ್ತು. ಈ ಸಲ ನೂರು ಚಿಟ್ಟೆಯ ಮೊಟ್ಟೆ ತಂದಿದ್ದೆ. ಶುಕ್ರವಾರ ಬೆಳಗ್ಗೆ ನೋಡಿದರೆ ಎಲ್ಲ ತಟ್ಟೆಯ ಹುಳಗಳೂ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಮೈಯೆಲ್ಲ ಜೇನಿನ ಬಣ್ಣವಾಗಿ ಕೂತಿವೆ. ಆ ದಿನವೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಒಂದು ಹಗಲು ತಡವಾದರೆ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ. ಕೂಲಿಗೆ ಹೇಳಿದ್ದ ಇಬ್ಬರು ಹೆಂಗಸರು ಬರಲೇ ಇಲ್ಲ.

ಹಿತ್ತಲಾಚೆ ಮನೆಯ ಚಿಕ್ಕಸಿದ್ದಯ್ಯ ಬಂದ. ಹೇಳಿ ಕಳಿಸಬೇಕಾಗಲಿಲ್ಲ. ತನ್ನ ಹೆಂಡತಿ ಚೆಲುವಮ್ಮನನ್ನೂ ಕರೆದುಕೊಂಡು ಬಂದ. ಇಬ್ಬರೂ ಬಗ್ಗಿಸಿದ ತಲೆ ಎತ್ತದೆ ಸಂಜೆಯವರೆಗೂ ಆಯ್ದರು. ಅವರ ಮನೆಯ ಹುಳಗಳೂ ಅವತ್ತೇ ಹಣ್ಣಾಗಿದ್ದವಂತೆ. ಸ್ವಲ್ಪ ಕೆಟ್ಟವು ಎಂದು ಆಮೇಲೆ ತಿಳಿಯಿತು. ನಾನು ಎರಡು ಸೇರು ರಾಗಿ ಕಳಿಸಿದೆ.

ಈಗ ಮುಖ್ಯವಾದ ಮಾತು. ಅವನ ಮಾವ ದೊಡ್ಡಮಾದಯ್ಯನಿಗೆ ಬಂಡಳ್ಳಿಯಲ್ಲಿ ಎರಡು ಎಕರೆ ಹಿಪ್ಪುನೇರಳೆ ಸೊಪ್ಪಿನ ತೋಟವಿದೆ, ಬಾವಿಯಿದೆ, ಗಂಡುಮಕ್ಕಳಿಲ್ಲ. ಮಗಳು ಅಳಿಯ ಬಂದು ಇರಲಿ ಎಂದು ಹೇಳಿ ಕಳಿಸುತ್ತಿದ್ದಾನಂತೆ. ಚಿಕ್ಕಸಿದ್ದಯ್ಯ ಬಂದು ನನ್ನನ್ನು ಕೇಳಿದ. ನಾನು ಹೇಳಿದ್ದು ಇಷ್ಟೆ: "ತಾಯಿ ಸತ್ತ ಕೂಸಿಗೆ ಎದೆ ಕೊಟ್ಟವಳು ನಾನು. ನನ್ನನ್ನು ಬಿಟ್ಟು ಓಯ್ತೀನಿ ಅಂದ್ರೆ ಓಗಪ್ಪ, ನಾನೇನು ಅಗ್ಗ ಹಾಕಿ ಕಟ್ಟಿದ್ದೀನಾ?" ಅವನು ನೆಲ ನೋಡುತ್ತ "ಇಲ್ಲ ದೊಡ್ಡವ್ವ, ಓಗಲ್ಲ ಬುಡಿ" ಎಂದ.

ನೀನು ಹನೂರಿನಲ್ಲಿದ್ದೀಯ. ಬಂಡಳ್ಳಿ ನಿನಗೆ ಹತ್ತಿರ. ಆ ದೊಡ್ಡಮಾದಯ್ಯನಿಗೆ ಒಂದು ಮಾತು ಹೇಳು, ಇನ್ನು ಕರೆಯಬೇಡ ಎಂದು. ಮೇಷ್ಟರಮ್ಮ ಹೇಳಿದರೆ ಕೇಳುತ್ತಾನೆ.

ಅಳಿಯಂದಿರು ಕೆಮ್ಮಿಗೆ ಮೆಣಸಿನ ಕಷಾಯ ಕುಡಿಯಲಿ.

ನಿನ್ನ ತಾಯಿ,
ಗುರುಸಿದ್ದಮ್ಮ


ಹನೂರು
೨೩-೮-೧೯೬೪

ಅವ್ವನಿಗೆ ಮಾದೇವಿಯ ನಮಸ್ಕಾರಗಳು.

ನಾನು ದೊಡ್ಡಮಾದಯ್ಯನ ಬಳಿಗೆ ಹೋಗಲಿಲ್ಲ. ಚೆಲುವಮ್ಮನೇ ಅಪ್ಪನನ್ನು ನೋಡಲು ಬಂದವಳು ಹಾಗೇ ನಮ್ಮ ಶಾಲೆಗೂ ಬಂದಿದ್ದಳು. ಅವಳ ಬಾಯಲ್ಲಿ ಕೇಳಿದ್ದನ್ನು ನಿನಗೆ ಬರೆಯದೆ ಇರಲಾರೆ.

ಅವರ ಹುಳ ಸ್ವಲ್ಪ ಕೆಟ್ಟದ್ದಲ್ಲ ಅವ್ವ. ಒಂದೂ ಉಳಿಯಲಿಲ್ಲ. ಅವರಿಗಿದ್ದ ನಾಲ್ಕೂ ಚಂದ್ರಿಕೆ ನಿನ್ನ ಮನೆಯಲ್ಲಿದ್ದವು. ಸಂಜೆ ಅವರು ಹಿಂದಿರುಗುವ ಹೊತ್ತಿಗೆ ಹುಳಗಳು ಕಸದಲ್ಲಿ, ಗೋಡೆಯ ಸಂದಿಯಲ್ಲಿ, ಒರಳಿನ ಗುಳಿಯಲ್ಲಿ ಸಿಕ್ಕಸಿಕ್ಕಲ್ಲಿ ನೂಲು ಬಿಡುತ್ತಿದ್ದವಂತೆ. ಚೆಲುವಮ್ಮ ಹೇಳಿದ್ದು ಹೀಗೆ: "ತಿಂಗಳೊತ್ತು ಕೂಸು ಸಾಕ್ದಂಗೆ ಸಾಕಿದ್ವಿ ಕಣವ್ವ. ನಿಮ್ಮವ್ವಾರ ಹುಳ ಗೂಡಿಗೋದ್ವು, ನಮ್ಮವು ತಿಪ್ಪೆಗೋದ್ವು. ಇವ್ರನ್ನ ಕೇಳುದ್ರೆ ಆಲಿನ ರುಣ ಅಂತರೆ. ನಾನು ಕುಡುದಿಲ್ವಲ್ಲ, ನನ್ಯಾಕೆ ಎಳಕಂಡು ಓದ್ರು?" ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮೂರಿನಲ್ಲಿ ಮುಯ್ಯಿ ಎಂದರೆ ಏನೆಂದು ನೀನೇ ನನಗೆ ಕಲಿಸಿದ್ದು. ಇಂದು ಅವರು ನಮ್ಮ ಹುಳಕ್ಕೆ ಬಂದರೆ ನಾಳೆ ನಾವು ಅವರ ಹುಳಕ್ಕೆ ಹೋಗಬೇಕು. ನೀನು ಅವನ ಮನೆಯ ಹುಳಕ್ಕೆ ಎಂದಾದರೂ ಹೋಗಿದ್ದೀಯಾ? ಯಾರನ್ನಾದರೂ ಕಳಿಸಿದ್ದೀಯಾ?

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಆ ಹಾಲನ್ನು ನೀನು ಕೊಟ್ಟೆಯೋ, ಬಿತ್ತಿದೆಯೋ?

ಮಾದೇವಿ


ಮಧುವನಹಳ್ಳಿ
೨-೯-೧೯೬೪

ಮಾದೇವಮ್ಮನಿಗೆ ಆಶೀರ್ವಾದ.

ಕೋಪ ಮಾಡಿಕೊಳ್ಳಬೇಡ ಎಂದು ಬರೆದು ಕೋಪ ಬರುವಂಥದ್ದನ್ನೇ ಬರೆದಿದ್ದೀಯ. ಮೇಷ್ಟರ ಕೆಲಸ ಸಿಕ್ಕಿದ ಮೇಲೆ ತಾಯಿಗೂ ಪಾಠ ಹೇಳಬಹುದೆಂದು ತಿಳಿದಿದ್ದೀಯ. ತವರೂರು ಅಗರದಿಂದ ಬಂದು, ಕೊಳ್ಳೇಗಾಲದಲ್ಲಿ ಸೋದರಮಾವನ ಮನೆಯಲ್ಲಿದ್ದು, ಗಂಡುಹುಡುಗರ ನಡುವೆ ಒಬ್ಬಳೇ ಬೆಂಚಿನಲ್ಲಿ ಕೂತು ಹೈಸ್ಕೂಲು ಓದಿದವಳು ನಾನು. ನಿನಗೆ ಅಕ್ಷರ ತಿದ್ದಿಸಿದ್ದೂ ನಾನೇ.

ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಮಾದಪ್ಪನ ಬೆಟ್ಟಕ್ಕೆ ಹೋಗುವವರೆಲ್ಲ ಹರಕೆ ಹೊತ್ತೇ ಹೋಗುತ್ತಾರೆ. ಏನೂ ಬೇಡದೆ ಅವನಿಗೆ ಕೈಮುಗಿದವನನ್ನು ನಾನು ಇದುವರೆಗೆ ನೋಡಿಲ್ಲ. ಹಸುವಿಗೆ ಹುಲ್ಲು ಹಾಕುವುದು ಹಾಲಿಗಾಗಿಯೇ. ಹಾಗೆಂದು ಹಸುವಿನ ಹೊಟ್ಟೆ ತುಂಬಲಿಲ್ಲವೇ? ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎಂದು ಕೆದಕುತ್ತ ಕೂತರೆ ಲೋಕದಲ್ಲಿ ಯಾರೂ ಯಾರಿಗೂ ಒಂದು ತಂಬಿಗೆ ನೀರು ಕೊಡುವುದಿಲ್ಲ.

ಅವನ ತಾಯಿ ರಾಮಮ್ಮ ನಮ್ಮ ಹಿತ್ತಲ ಗೋಡೆಯ ಆಚೆಗಿದ್ದವಳು. ಗಂಡ ನಮ್ಮ ಹೊಲವನ್ನು ಬೆಳೆಯ ಪಾಲಿಗೆ, ವಾರಕ್ಕೆ ಮಾಡುತ್ತಿದ್ದ. ಚಿಕ್ಕಸಿದ್ದಯ್ಯನಿಗೆ ಐದು ತಿಂಗಳಾಗಿದ್ದಾಗ ಅವಳಿಗೆ ಹಾವು ಕಚ್ಚಿತು. ಮಗು ಅರಚುತ್ತಿತ್ತು. ನೀನೂ ಅಷ್ಟೇ ದೊಡ್ಡವಳು. ನಾನು ನಿನ್ನನ್ನು ಒಂದು ತೊಡೆಯ ಮೇಲೆ, ಅವನನ್ನು ಇನ್ನೊಂದು ತೊಡೆಯ ಮೇಲೆ ಮಲಗಿಸಿಕೊಂಡು ಒಂದೂವರೆ ವರ್ಷ ಹಾಲೂಡಿಸಿದೆ. ನಿನ್ನ ಪಾಲಿನದನ್ನು ಕಸಿದು ಅವನಿಗೆ ಕೊಟ್ಟೆ. ಊರೆಲ್ಲ ಕಂಡಿದೆ. ನಿನ್ನ ಅಜ್ಜಿ ಬದುಕಿರುವವರೆಗೂ ಬಂದವರಿಗೆಲ್ಲ ಅದನ್ನು ಹೇಳಿಕೊಂಡು ಹೆಮ್ಮೆಪಡುತ್ತಿದ್ದರು.

ನಿನ್ನ ಅಪ್ಪ ಹೋಗಿ ಎಂಟು ವರ್ಷ. ನನಗೆ ಗಂಡುಮಗನಿಲ್ಲ. ಹುಳ ಹಣ್ಣಾದ ದಿನ ನನ್ನ ಹೊಸ್ತಿಲು ತುಳಿಯುವ ಒಬ್ಬನೇ ಒಬ್ಬ ಅವನು. ಅವನನ್ನೂ ಕಳಿಸಿಬಿಡು ಎನ್ನುತ್ತೀಯ.

ಈ ವಿಷಯ ಮತ್ತೆ ಬರೆಯಬೇಡ.

ಗುರುಸಿದ್ದಮ್ಮ


ಹನೂರು
೧೫-೯-೧೯೬೪

ಅವ್ವ,

ಹಸುವಿನ ಹೊಟ್ಟೆ ತುಂಬಿತು, ನಿಜ. ಆದರೆ ಹಸುವನ್ನು ನಾವು ಗೂಟಕ್ಕೆ ಕಟ್ಟಿರುತ್ತೇವೆ.

ಬರೆಯಬೇಡ ಎಂದಿದ್ದೀಯ. ಆದ್ದರಿಂದ ಇದೊಂದನ್ನು ಕೇಳಿ ನಿಲ್ಲಿಸುತ್ತೇನೆ. ಇದು ಜಗಳಕ್ಕಲ್ಲ, ನಿನ್ನ ಕಾಗದ ಓದುವಾಗ ಹಾಗೇ ಹೊಳೆಯಿತು.

ನಾನು ಹುಟ್ಟಿದ ಮೇಲೆ ನಿನಗೆ ಬಾಣಂತಿ ಸನ್ನಿ ಹತ್ತಿ ನಲವತ್ತು ದಿನ ಮೇಲೇಳಲಿಲ್ಲ, ಎದೆ ಬತ್ತಿಹೋಗಿತ್ತು ಎಂದು ನೀನೇ ಎಷ್ಟೋ ಸಲ ಹೇಳಿದ್ದೀಯ. ನನಗೆ ಹಸುವಿನ ಹಾಲು ಒಗ್ಗಲಿಲ್ಲ, ಒಳಲೆಯಲ್ಲಿ ಹಾಕಿದ್ದನ್ನೆಲ್ಲ ಕಕ್ಕುತ್ತಿದ್ದೆ ಎಂದು ಅಜ್ಜಿ ಹೇಳುತ್ತಿದ್ದರು.

ಆ ನಲವತ್ತು ದಿನ ನಾನು ಏನು ಕುಡಿದೆ ಅವ್ವ?

ಮಾದೇವಿ


ಮಧುವನಹಳ್ಳಿ
೧೦-೧೦-೧೯೬೪

ಮಾದೇವಮ್ಮನಿಗೆ ಆಶೀರ್ವಾದ.

ನವರಾತ್ರಿಗೆ ನೀವಿಬ್ಬರೂ ಬರುತ್ತೀರೆಂದು ತಿಳಿದಿದ್ದೆ. ಬರದಿದ್ದರೂ ಚಿಂತೆಯಿಲ್ಲ. ಹಿತ್ತಲ ಗೋಡೆಯ ಒಂದು ಮೂಲೆ ಮಳೆಗೆ ಕುಸಿದಿದೆ. ಕೂಲಿಯ ಬಸವಣ್ಣನಿಗೆ ಕಟ್ಟಲು ಹೇಳಿದ್ದೆ, ಆಮೇಲೆ ಬೇಡ ಎಂದೆ, ಮತ್ತೆ ಹೇಳಿದೆ. "ಅವ್ವಾರೆ, ಕಟ್ಟದಾ ಬುಡದಾ, ಒಂದು ಯೋಳಿ" ಎಂದು ಅವನು ಹಾರೆ ಬಿಸಾಡಿ ಹೋಗಿದ್ದಾನೆ. ಕರಿ ಹಸು ಗಬ್ಬ ನಿಂತಿದೆ. ಹೊಸ ಮೊಟ್ಟೆ ತಂದಿಲ್ಲ. ಈ ಸಲ ಹುಳ ಬೇಡವೆನಿಸಿತು. ಬೇಡ ಎಂದಮೇಲೆ ಬರಿದಾದ ತಟ್ಟೆಗಳನ್ನು ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತೇನೆ.

ಈ ಕಾಗದ ಬರೆಯಲು ಮೂರು ಸಲ ಕೂತು ಎದ್ದೆ.

ಚಿಕ್ಕಸಿದ್ದಯ್ಯ ದಿನವೂ ಬಂದು ಹಸುವಿಗೆ ನೀರು ತೋರಿಸಿ ಹೋಗುತ್ತಾನೆ. ಮಾತಾಡುವುದಿಲ್ಲ. ಅವನು ಎಂದೂ ಹೆಚ್ಚು ಮಾತಾಡಿದವನಲ್ಲ.

ನೀನು ಕೇಳಿದ್ದು ತಲುಪಿದೆ.

ಗುರುಸಿದ್ದಮ್ಮ


ಹನೂರು
೧೮-೧೦-೧೯೬೪

ಅವ್ವನಿಗೆ ನಮಸ್ಕಾರ. ಇದು ಕಾರ್ಡು, ಅಂಚೆಯವನೂ ಓದುತ್ತಾನೆ, ಆದ್ದರಿಂದ ಸುದ್ದಿಯಷ್ಟನ್ನೇ ಬರೆಯುತ್ತೇನೆ. ದೊಡ್ಡಮಾದಯ್ಯ ಬಾವಿಯ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದಾನೆ. ದೀಪಾವಳಿಯ ಹೊತ್ತಿಗೆ ಮಗಳು ಅಳಿಯ ಬರದಿದ್ದರೆ ತೋಟವನ್ನು ಬೇರೆಯವರಿಗೆ ವಾರಕ್ಕೆ ಕೊಡುತ್ತಾನಂತೆ. ಒಮ್ಮೆ ಕೊಟ್ಟದ್ದು ತಿರುಗಿ ಬರುವುದು ಕಷ್ಟ. ಚಿಕ್ಕಸಿದ್ದಣ್ಣ ಆಗಲೂ "ದೊಡ್ಡವ್ವ ಬ್ಯಾಡ ಅಂದವರೆ" ಎಂದನಂತೆ. ಅಷ್ಟೆ.

ಮಾದೇವಿ


ಮಧುವನಹಳ್ಳಿ
೨೬-೧೦-೧೯೬೪

ಮಾದೇವಿ,

ಇದನ್ನು ಓದಿದ ಮೇಲೆ ಒಲೆಗೆ ಹಾಕು. ಹಾಕದಿದ್ದರೂ ಸರಿ. ಮುಚ್ಚಿಡುವುದು ನನಗೆ ಸಾಕಾಗಿದೆ.

ನೀನು ಹುಟ್ಟಿದಾಗ ತವರಿನಲ್ಲಿ ಬಾಣಂತನ ಮಾಡಲು ನನ್ನ ತಾಯಿ ಇರಲಿಲ್ಲ. ಇಲ್ಲೇ ಹೆತ್ತೆ. ಮೂರನೆಯ ದಿನ ಜ್ವರ ಏರಿತು. ಎದೆಯಲ್ಲಿ ಒಂದು ಹನಿ ಇಲ್ಲ. ನೀನು ದಿನದಿನಕ್ಕೂ ಒಣಗಿ ಕಡ್ಡಿಯಾಗುತ್ತಿದ್ದೆ. ರಾಮಮ್ಮ ನನಗಿಂತ ಇಪ್ಪತ್ತು ದಿನ ಮುಂಚೆ ಹೆತ್ತಿದ್ದಳು. ಸೂಲಗಿತ್ತಿ ನಿನ್ನ ಅಜ್ಜಿಗೆ ಹೇಳಿದಳು, "ಆಚೆ ಮನೆಯೋಳು ಇದಾಳಲ್ಲ, ವಸಿ ಕುಡಿಸ್ಲಿ" ಎಂದು. ನನ್ನ ಅತ್ತೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಆಳಿನ ಎದೆಹಾಲು ಕುಡುದ್ ಕೂಸು ಆಳಾಯ್ತದೆ. ಸತ್ರೆ ಸಾಯ್ಲಿ, ಬ್ಯಾಡ."

ಅವತ್ತು ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋದ ಮೇಲೆ ರಾಮಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ನಾನು ಕರೆದಿರಲಿಲ್ಲ. ನಿನ್ನ ಅಳು ಗೋಡೆಯಾಚೆ ಕೇಳಿಸುತ್ತಿತ್ತಂತೆ. ಬಂದವಳೇ ನಿನ್ನನ್ನೆತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಹುಲ್ಲಿನ ಮೆದೆಯ ಹಿಂದೆ ಕೂತು ಕುಡಿಸಿದಳು. ಅಂದಿನಿಂದ ಬೆಳಿಗ್ಗೆ ಅತ್ತೆ ಪೂಜೆಗೆ ಕೂತಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಮುಂಚೆ ಒಮ್ಮೆ ಬರುತ್ತಿದ್ದಳು. ನನ್ನ ಎದೆಗೆ ಹಾಲು ಮರಳುವವರೆಗೆ, ನಲವತ್ತು ದಿನ. ಯಾರಿಗೂ ಹೇಳಬಾರದೆಂದು ನಾನು ಅವಳಿಂದ ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡೆ. ಅವಳು ಗಂಡನಿಗೂ ಹೇಳಲಿಲ್ಲ. ನೀನು ಮೈಕೈ ತುಂಬಿಕೊಂಡಾಗ ಅತ್ತೆ, ಕೂಸು ಕೊನೆಗೂ ತಮ್ಮ ಹಸುವಿನ ಹಾಲಿಗೆ ಒಗ್ಗಿಕೊಂಡಿತೆಂದು ಬೀಗಿದರು. ರಾಮಮ್ಮ ಅಂಗಳ ಗುಡಿಸುತ್ತ ಅದನ್ನು ಕೇಳಿಸಿಕೊಂಡಳು.

ಒಮ್ಮೆ ನಾನು ಕೇಳಿದೆ, "ನಿನಗೆ ನಾನು ಏನು ಕೊಡಲಿ ರಾಮಿ?" ಅವಳು ಹೇಳಿದ್ದು: "ಏನೂ ಬ್ಯಾಡಿ ಚಿಕ್ಕವ್ವಾರೆ. ಎದೆ ಬಿಗುದೋಯ್ತದೆ. ಕೂಸು ಕುಡುದ್ರೆ ನಂಗೂ ವಸಿ ಅಗುರ."

ಅರ್ಧ ಹೊಟ್ಟೆ ಮುದ್ದೆ ಉಣ್ಣುತ್ತಿದ್ದವಳಿಗೆ ಎದೆ ಎಲ್ಲಿಂದ ಬಿಗಿಯಬೇಕು? ಅವಳ ಕೂಸು ಅರೆಹೊಟ್ಟೆಯಲ್ಲಿ ಅಳುವುದು ನನಗೂ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅದು ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು. ನನಗೆ ಭಾರವಾಗದಿರಲೆಂದು ಹೇಳಿದ ಸುಳ್ಳು.

ಅವಳು ಸತ್ತಾಗ ನಾನು ಅವನನ್ನು ಎತ್ತಿಕೊಂಡೆ. ಆಗ ಅತ್ತೆ ಅಡ್ಡಿ ಮಾಡಲಿಲ್ಲ. ದೊಡ್ಡ ಮನೆಯವರು ಕೊಡುವುದಕ್ಕೆ ಅಡ್ಡಿಯಿರಲಿಲ್ಲ, ತೆಗೆದುಕೊಳ್ಳುವುದಕ್ಕೆ ಇತ್ತು. ಊರಿನವರು ಬಂದು ನನ್ನನ್ನು ತಾಯಿ ಎಂದರು. ಅಂದೇ ಬಾಯಿ ಬಿಟ್ಟು ಹೇಳಬಹುದಾಗಿತ್ತು, ಇದು ಅವಳಿಗೆ ನಾನು ತೀರಿಸುತ್ತಿರುವ ಮುಯ್ಯಿ ಎಂದು. ಹೇಳಲಿಲ್ಲ. ಮೊದಲು ಅತ್ತೆಯ ಹೆದರಿಕೆ. ಅತ್ತೆ ಹೋದ ಮೇಲೆ ಹೆಸರು ಹೋಗುವ ಹೆದರಿಕೆ. ಆಮೇಲಾಮೇಲೆ ಹೇಳುವಂಥದ್ದು ಏನೂ ಇಲ್ಲವೆಂದು ನನಗೇ ಅನ್ನಿಸಿಬಿಟ್ಟಿತ್ತು. ನಿನ್ನ ಕಾಗದ ಬರುವವರೆಗೂ.

ಅವಳು ನಲವತ್ತು ದಿನ, ನಾನು ಒಂದೂವರೆ ವರ್ಷ, ನಾನೇ ಹೆಚ್ಚು ಕೊಟ್ಟೆನಲ್ಲ ಎಂದು ಈ ತಿಂಗಳೆಲ್ಲ ನನ್ನೊಳಗೇ ವಾದ ಮಾಡಿದೆ. ನಿಲ್ಲುವುದಿಲ್ಲ. ಅವಳು ಮೊದಲು ಕೊಟ್ಟಳು. ನೋಡುವವರಿಲ್ಲದ ಕಡೆ ಕೊಟ್ಟಳು. ಕೊಟ್ಟದ್ದನ್ನು ಕೊಟ್ಟೆ ಎನ್ನಲೂ ಬಿಡದಂತೆ ನಾನೇ ಆಣೆ ಹಾಕಿಸಿದ್ದೆ. ನಾನು ತೀರಿಸಿದ್ದನ್ನೇ ಕೊಟ್ಟದ್ದೆಂದು ಹೇಳಿ ಅವಳ ಮಗನಿಂದ ಇಪ್ಪತ್ತು ವರ್ಷ ದುಡಿಸಿಕೊಂಡಿದ್ದೇನೆ.

ಅವನಿಗೆ ಹೇಳಿದರೆ ಅವನು ಹೋಗುತ್ತಾನೆ. ಹೋಗದೆ ಏನು ಮಾಡುತ್ತಾನೆ? ನನಗೆ ಐವತ್ತೆರಡು. ಸಂಜೆ ಹಸುವಿಗೆ ನೀರು ತೋರಿಸುವವರು ಯಾರು ಎನ್ನುವುದಲ್ಲ, ಅದಕ್ಕೆ ಆಳು ಸಿಗುತ್ತಾರೆ. ಹಿತ್ತಲ ಬಾಗಿಲಿನಲ್ಲಿ ನಿಂತು "ದೊಡ್ಡವ್ವಾ" ಎನ್ನುವವರು ಸಿಗುವುದಿಲ್ಲ.

ಹೇಳುತ್ತೇನೆಂದು ನಾನು ಬರೆಯುತ್ತಿಲ್ಲ. ತಪ್ಪು ತಿಳಿಯಬೇಡ.

ನಿನ್ನ ಅವ್ವ


ಮಧುವನಹಳ್ಳಿ
೧೨-೧೧-೧೯೬೪

ಮಾದೇವಿಗೆ ಆಶೀರ್ವಾದ.

ಹೇಳಿದೆ.

ದೀಪಾವಳಿಗೆ ನಾಲ್ಕು ದಿನ ಇತ್ತು. ಅವನನ್ನು ಕರೆಸಬೇಕೆಂದು ಬಸವಣ್ಣನನ್ನು ಕೂಗಿದೆ. ಅವನು ಬರುವಷ್ಟರಲ್ಲಿ ಮನಸ್ಸು ಬದಲಾಗಿ ನಾನೇ ಹೊರಟೆ. ಕುಸಿದ ಗೋಡೆಯ ಮೇಲೆಯೇ ದಾಟಿ ಹೋದೆ. ಚಿಕ್ಕಸಿದ್ದಯ್ಯ ಜಗಲಿಯಲ್ಲಿ ಬಿದಿರು ಸೀಳುತ್ತ ಕೂತಿದ್ದ. ಚೆಲುವಮ್ಮ ಚಾಪೆ ಹಾಸಿದಳು. "ದೊಡ್ಡವ್ವಾರು ನಮ್ ಜಗಲಿ ತುಳುದ್ರಲ್ಲ, ಇವತ್ತು ಸೂರ್ಯ ಎತ್ತಗೆ ಉಟ್ದ ನೋಡಿ" ಎಂದಳು. ಅವಳ ಬಾಯಿ ಜೋರು. ಅವಳದೇನೂ ತಪ್ಪಿಲ್ಲ. ಅವರ ಜಗಲಿಗೆ ನಾನು ಹೋದದ್ದು ಅದೇ ಮೊದಲು.

ಕೂರಲಿಲ್ಲ. ಕೂತರೆ ಬೇರೆ ಮಾತು ಬರುತ್ತಿತ್ತು. ನಿಂತೇ ಎಲ್ಲವನ್ನೂ ಹೇಳಿದೆ. ನಿನಗೆ ಬರೆದದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಆಣೆಯನ್ನೂ ಹೇಳಿದೆ.

ಚೆಲುವಮ್ಮ, "ಅಂಗಾರೆ ಇಷ್ಟು ವರ್ಸ ನಾವು..." ಎಂದು ಶುರುಮಾಡಿದಳು. ಅವನು "ಸುಮ್ಕಿರು" ಎಂದ. ಮಚ್ಚು ಕೆಳಗಿಟ್ಟ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ನನ್ನ ಮುಖ ನೋಡಿ ಕೇಳಿದ್ದು, "ನಮ್ಮವ್ವ ಎಂಗಿದ್ಳು ದೊಡ್ಡವ್ವಾ?"

ಆಗ ಚಾಪೆಯ ಮೇಲೆ ಕೂತೆ. ನನ್ನ ಎದೆಹಾಲಿನ ಕಥೆಯನ್ನು ಅವನಿಗೆ ನೂರು ಸಲ ಹೇಳಿದ್ದೇನೆ. ಅವನ ತಾಯಿಯ ವಿಷಯ ಒಂದು ಸಲವೂ ಹೇಳಿಲ್ಲ. ಅವನ ಅಪ್ಪ ಪುಟ್ಟಸಿದ್ದಯ್ಯನೂ ಮಾತಿಲ್ಲದವನು, ಬೇಗ ಹೋದ. ಹಾಲನ್ನು ಮುಚ್ಚಿಡಲು ಹೋಗಿ ನಾನು ಹಾಲು ಕೊಟ್ಟವಳನ್ನೇ ಮುಚ್ಚಿಟ್ಟಿದ್ದೆ.

"ಕುಳ್ಳಿ ಕಣಪ್ಪ. ಮುಂದಿನ ಹಲ್ಲೊಂದು ಸೊಟ್ಟ ಇತ್ತು" ಎಂದೆ.

"ನಗ್ತಿದ್ಳಾ?"

"ನಗ್ತಿದ್ಲು. ಸೆರಗು ಬಾಯಿಗೆ ಇಟ್ಕೊಂಡು ನಗ್ತಿದ್ಲು."

"ಇನ್ನೂ ಏನಾರ ಯೋಳಿ."

ಹೇಳಿದೆ. ಎಡಗೈಯಿಂದ ಸೊಪ್ಪು ಕುಯ್ಯುತ್ತಿದ್ದಳು, ಹುಣಸೆಕಾಯಿ ಕಂಡರೆ ಬಿಡುತ್ತಿರಲಿಲ್ಲ, ನಿನ್ನನ್ನು ಕುಡಿಸುವಾಗ "ನಿನ್ನಣ್ಣನ್ ಪಾಲಿಗೂ ವಸಿ ಉಳ್ಸವ್ವ" ಎಂದು ನಿನಗೆ ಹೇಳುತ್ತಿದ್ದಳು. ದನ ಮನೆಗೆ ಬರುವವರೆಗೂ ಹೇಳಿದೆ. ಅಷ್ಟೊಂದು ನನಗೆ ನೆನಪಿದೆ ಎಂದು ನನಗೇ ಗೊತ್ತಿರಲಿಲ್ಲ. ಚೆಲುವಮ್ಮ ಬಾಗಿಲಿಗೊರಗಿ ನಿಂತು ಕೇಳುತ್ತಿದ್ದಳು.

ಕೊನೆಗೆ ನಾನೇ ಹೇಳಿದೆ, "ಬಂಡಳ್ಳಿಗೆ ಹೋಗು. ನೀನು ನನಗೆ ಏನೂ ಕೊಡಬೇಕಾಗಿಲ್ಲ. ಎಂದೂ ಇರಲಿಲ್ಲ."

ಅವನು ಹಬ್ಬದ ಮಾರನೆಯ ದಿನ ಗಾಡಿ ಕಟ್ಟಿದ. ನನ್ನ ಹಿತ್ತಲಿಗೆ ಬಂದು ತನ್ನ ನಾಲ್ಕು ಚಂದ್ರಿಕೆಗಳನ್ನು ಎತ್ತಿಕೊಂಡ. ಅವು ಎಷ್ಟೋ ದಿನದಿಂದ ನನ್ನ ಗೋಡೆಗೆ ಒರಗಿದ್ದವು. ನೀನು ಬರೆಯುವವರೆಗೂ ನನ್ನವೆಂದೇ ತಿಳಿದಿದ್ದೆ. ನಾನು ಅಡುಗೆಮನೆಯಲ್ಲಿದ್ದೆ. ಅವನು ಕೂಗಲಿಲ್ಲ. ಹೋದ.

ಕರಿ ಹಸು ಸಂಜೆಯಾದರೆ ಹಿತ್ತಲ ಬಾಗಿಲ ಕಡೆ ಮುಖ ಮಾಡಿ ಕೂಗುತ್ತದೆ. ಬಸವಣ್ಣನ ಕೈಯಲ್ಲಿ ನೀರು ಕುಡಿಯುವುದಿಲ್ಲ.

ನೀನು ಗೆದ್ದೆ ಎಂದು ತಿಳಿಯಬೇಡ.

ಗುರುಸಿದ್ದಮ್ಮ


ಹನೂರು
೨೬-೧-೧೯೬೫

ಅವ್ವನಿಗೆ ನಮಸ್ಕಾರ.

ನಿನ್ನ ಕಾಗದ ಬಾರದೆ ಎರಡು ತಿಂಗಳ ಮೇಲಾಯಿತು. ನಾನು ಗೆದ್ದೆ ಎಂದು ಒಂದು ದಿನವೂ ತಿಳಿದಿಲ್ಲ. ಕನ್ನಡಿ ನೋಡುವಾಗ ಆ ಸೊಟ್ಟ ಹಲ್ಲಿನವಳು ನನಗೇನು ಕೊಟ್ಟಿರಬಹುದೆಂದು ಹುಡುಕುತ್ತೇನೆ. ನಮ್ಮ ಶಾಲೆಯ ಮಕ್ಕಳಿಗೆ ಪರೋಪಕಾರ ಎಂದು ಬೋರ್ಡಿನ ಮೇಲೆ ಬರೆಸಿ ಅರ್ಥ ಹೇಳುತ್ತಿದ್ದೆ. ಮೊನ್ನೆ ಆ ಪಾಠ ಬಂದಾಗ ಅರ್ಥ ಹೇಳದೆ ಬೋರ್ಡು ಒರೆಸಿಬಿಟ್ಟೆ.

ಚಿಕ್ಕಸಿದ್ದಣ್ಣನ ಹುಳ ಪೊರೆ ಕಳಚಿ ನಾಲ್ಕನೆಯ ಜ್ವರದಿಂದ ಎದ್ದಿವೆ. ಒಂದು ವಾರದಲ್ಲಿ ಹಣ್ಣಾಗಬಹುದು. ಹೊಸ ಊರು, ಅಲ್ಲಿ ಮುಯ್ಯಿಗೆ ಬರುವವರು ಇನ್ನೂ ಯಾರೂ ಇಲ್ಲ. ಮಾವ ಮಂಚದಲ್ಲಿದ್ದಾನೆ. ನಾನು ಶಾಲೆಗೆ ರಜೆ ಕೇಳಿದೆ, ಸಿಗಲಿಲ್ಲ.

ಅವನು ನಿನ್ನನ್ನು ಕರೆದಿಲ್ಲ. ಕರೆಯೆಂದು ನಾನೂ ಅವನಿಗೆ ಹೇಳಿಲ್ಲ. ಸುದ್ದಿ ತಿಳಿಸಿದೆ ಅಷ್ಟೆ.

ಮಾದೇವಿ


ಮಧುವನಹಳ್ಳಿ
೬-೨-೧೯೬೫

ಮಾದೇವಿಗೆ ಆಶೀರ್ವಾದ.

ಮಂಗಳವಾರ ಬೆಳಗಿನ ಬಸ್ಸಿಗೆ ಹನೂರಿಗೆ ಬಂದಿಳಿದೆ. ನಿನ್ನ ಮನೆಗೆ ಬರಲಿಲ್ಲ. ಬಂದಿದ್ದರೆ ನೀನು ನನ್ನ ಮುಖ ನೋಡುತ್ತಿದ್ದೆ. ಬಂಡಳ್ಳಿ ಕಡೆ ಹೋಗುವ ಒಂದು ಗಾಡಿ ಸಿಕ್ಕಿತು. ದಾರಿಯಲ್ಲಿ ಎರಡು ಸಲ ಇಳಿದುಬಿಡೋಣ ಎನ್ನಿಸಿತು.

ಸರಿಯಾದ ದಿನವೇ ಹೋಗಿದ್ದೆ. ಹುಳ ಹಣ್ಣಾಗಿದ್ದವು. ದೊಡ್ಡಮಾದಯ್ಯ ಕಾಲಿಗೆ ದಬ್ಬೆ ಕಟ್ಟಿಕೊಂಡು ಜಗಲಿಯ ಮಂಚದಲ್ಲಿ ಮಲಗಿದ್ದ. ನನ್ನನ್ನು ಕಂಡವನಲ್ಲ.

"ಯಾರವ್ವ?"

"ಹುಳ ಆಯೋಕೆ ಬಂದೋಳು."

"ಕೂಲಿಗಾ, ಮುಯ್ಯಿಗಾ?"

ಎರಡೂ ಅಲ್ಲ ಎಂದೆ. ಮುದುಕ ಬಿಡಲಿಲ್ಲ. "ಎಲ್ಡೂ ಅಲ್ದೆ ಓದ್ರೆ ಇನ್ಯಾತಕ್ಕೆ ಬಂದೆ? ದಾರಿ ತಪ್ಪಾ?" ಎಂದು ನಕ್ಕ. ಆಗ ನನ್ನ ಬಾಯಲ್ಲಿ ಬಂದದ್ದು ನಾನು ಯೋಚಿಸಿ ಆಡಿದ ಮಾತಲ್ಲ. "ಮನೇಲಿ ಕೂತು ಕೂತು ಕೈ ಬಿಗುದೋಗದೆ ಕಣಪ್ಪ. ನಾಕು ಹುಳ ಆಯ್ದ್ರೆ ನಂಗೂ ವಸಿ ಅಗುರ."

ಒಳಗೆ ಚಿಕ್ಕಸಿದ್ದಯ್ಯ ಹುಳ ಆಯುತ್ತಿದ್ದ. ಆ ಮಾತು ಕೇಳಿ ಅವನ ಕೈ ನಿಂತಿತು. ತಿರುಗಿ ನೋಡಲಿಲ್ಲ. ಒಂದು ತಟ್ಟೆಯನ್ನು ನನ್ನ ಕಡೆಗೆ ಸರಿಸಿದ.

ಆಯ್ದೆ. ನನ್ನ ಕೈ ಮೊದಲಿನಂತಿಲ್ಲ. ಚೆಲುವಮ್ಮ ಎರಡು ತಟ್ಟೆ ಮುಗಿಸುವ ಹೊತ್ತಿಗೆ ನನ್ನದು ಒಂದು. "ಮೆಲ್ಲಗಾಗ್ಲಿ ಬುಡಿ, ಇಲ್ಲೇನು ಮೇಷ್ಟರಮ್ಮ ಕೂತಿಲ್ಲ" ಎಂದಳು. ಆ ನಾಲ್ಕು ಚಂದ್ರಿಕೆಗಳ ಮೇಲೇ ನಾನು ಆಯ್ದ ಹುಳಗಳನ್ನು ಬಿಟ್ಟೆ.

ನಿನಗೆ ಸುಳ್ಳು ಬರೆಯುವುದಿಲ್ಲ. ಆಯುವಾಗ ಉದ್ದಕ್ಕೂ ನನ್ನ ಕಣ್ಣು ಅವನ ಕಡೆಗೇ ಇತ್ತು. ನೋಡುತ್ತಿದ್ದಾನೋ ಇಲ್ಲವೋ, ಮನಸ್ಸು ಕರಗಿತೋ ಇಲ್ಲವೋ ಎಂದು. ನಾನು ಬಂದದ್ದು ಅವನ ಹುಳ ಉಳಿಯಲೆಂದೋ, ಅವನು ಮತ್ತೆ ದೊಡ್ಡವ್ವಾ ಎನ್ನಲೆಂದೋ, ನನಗೆ ಗೊತ್ತಿಲ್ಲ. ರಾಮಮ್ಮನ ಮಾತನ್ನು ಆಡಿದ ಮಾತ್ರಕ್ಕೆ ರಾಮಮ್ಮನ ಮನಸ್ಸು ಬರುವುದಿಲ್ಲ. ಆದರೆ ಹುಳಕ್ಕೆ ಅದೊಂದೂ ಬೇಕಿರಲಿಲ್ಲ. ಸಂಜೆಯೊಳಗೆ ಎಲ್ಲವೂ ಚಂದ್ರಿಕೆಗೆ ಹೋದವು. ಒಂದೂ ಕಸದಲ್ಲಿ ಉಳಿಯಲಿಲ್ಲ.

ಉಣ್ಣಬಾರದೆಂದು ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಉಂಡರೆ ಕೆಲಸಕ್ಕೆ ಊಟ ಎಂದಾಗುತ್ತದೆ. ಉಣ್ಣದೆ ಎದ್ದು ಹೋದರೆ ಏನನ್ನೂ ತೆಗೆದುಕೊಳ್ಳದೆ ಹೋದಳು ಎನ್ನುತ್ತಾರೆ. ಆ ಹೆಸರು ಬೇಕಿತ್ತು ನನಗೆ. ಚೆಲುವಮ್ಮ ಮಣೆ ಹಾಕಿ ಮುದ್ದೆ ಇಟ್ಟು ಉಪ್ಸಾರು ಬಿಟ್ಟಳು. ಎದುರಿಗೆ ನಿಂತಳು. ನನಗೆ ನಿನ್ನ ಅಜ್ಜಿಯ ನೆನಪಾಯಿತು. ಕೊಡಲು ಬರುತ್ತದೆ, ತೆಗೆದುಕೊಳ್ಳಲು ಬರುವುದಿಲ್ಲ. ಕೂತು ಉಂಡೆ. ಅರ್ಧ ಮುದ್ದೆಗೇ ಸಾರು ಮುಗಿಯಿತು. ಯಾರ ಮನೆಯಲ್ಲೂ ನಾನು ಬಾಯಿಬಿಟ್ಟು ಕೇಳಿ ಉಂಡವಳಲ್ಲ. "ಇನ್ನೊಂದು ಸೌಟು ಬುಡವ್ವ" ಎಂದೆ.

ಬಿಟ್ಟವನು ಚಿಕ್ಕಸಿದ್ದಯ್ಯ. ಸೌಟು ಹೆಂಡತಿಯ ಕೈಯಿಂದ ತೆಗೆದುಕೊಂಡು ಬಂದು ಬಿಟ್ಟ. ಗಾಡಿಯವರೆಗೆ ಬಂದು, ಅದು ತಿರುವು ದಾಟುವವರೆಗೆ ನಿಂತಿದ್ದ. ನಾನು ತಿರುಗಿ ನೋಡಿದ್ದರಿಂದ ಗೊತ್ತು.

ಗೋಡೆಯ ಮೂಲೆ ಕಟ್ಟಿಸಿಲ್ಲ. ಹಾಗೇ ಇರಲಿ. ನಾನು ಐವತ್ತು ಮೊಟ್ಟೆ ತಂದು ಸಾಕಿದ್ದೇನೆ. ಮುಂದಿನ ಶುಕ್ರವಾರದ ಹೊತ್ತಿಗೆ ಹಣ್ಣಾಗುತ್ತವೆ. ಬಸವಣ್ಣನಿಗೂ ಅವನ ಹೆಂಡತಿಗೂ ಕೂಲಿಗೆ ಹೇಳಿದ್ದೇನೆ, ಸಾಕಾಗುತ್ತದೆ. ಚಿಕ್ಕಸಿದ್ದಯ್ಯನಿಗೆ ತಿಳಿಸಿಲ್ಲ. ನೀನೂ ಹೇಳಬೇಡ. ಹೀಗೆ ಬರೆಯುವಾಗಲೂ ನೀನು ಹೇಳಿಬಿಡಲಿ ಎಂಬ ಆಸೆ ಒಳಗೆ ಇದೆ. ಅದಕ್ಕೇ ಇನ್ನೊಮ್ಮೆ ಬರೆಯುತ್ತಿದ್ದೇನೆ.

ಹೇಳಬೇಡ.

ನಿನ್ನ ಅವ್ವ,
ಗುರುಸಿದ್ದಮ್ಮ